ಇಷ್ಟವಾದ ಜಾಬ್: ಹಿತ್ತಾಳೆ

ನಮ್ಮ ಶಾಲೆಗೆ ಕೆರಿಯರ್ ಗೈಡೆನ್ಸ್ ಬಂದದ್ದು ವಾಟ್ಸ್ಯಾಪಿನಲ್ಲಿ. ಮೇಲಿನಿಂದ ಒಂದು ಪಿಡಿಎಫ್ ಇಳಿಯಿತು. ಪ್ರತಿ ಹೈಸ್ಕೂಲಿನಲ್ಲೂ ವೃತ್ತಿ ಮಾರ್ಗದರ್ಶನ ಕೋಶ ಇರಬೇಕಂತೆ, ಅದಕ್ಕೊಬ್ಬರು ಸಂಯೋಜಕರಂತೆ. ಹೆಡ್‌ಮಾಸ್ಟರು ಸ್ಟಾಫ್ ರೂಮಿನ ಮೇಲೆ ಒಮ್ಮೆ ಕಣ್ಣಾಡಿಸಿದರು. ಗಣಿತದವರು ಪರೀಕ್ಷೆಯ ನೆಪ ಹೇಳಿದರು, ವಿಜ್ಞಾನದವರು ಲ್ಯಾಬಿನ ಬೀಗದ ಕೈ ಹುಡುಕುವವರಂತೆ ಮೇಜಿನ ಕೆಳಗೆ ಬಗ್ಗಿದರು. ಕನ್ನಡದವಳಾದ ನಾನು ಆಗಷ್ಟೇ ಬಾಯಿಗೆ ಚಕ್ಕುಲಿ ಹಾಕಿಕೊಂಡಿದ್ದೆ. ಅದನ್ನು ನುಂಗಿ ಬೇಡ ಅನ್ನುವಷ್ಟರಲ್ಲಿ ನೇಮಕ ಮುಗಿದಿತ್ತು.

ನನ್ನ ಅರ್ಹತೆ ಏನು ಅಂತ ಕೇಳಬೇಡಿ. ನನ್ನ ಸ್ವಂತ ವೃತ್ತಿಯನ್ನೇ ನಾನು ಆರಿಸಿಕೊಂಡವಳಲ್ಲ. ಡಿಗ್ರಿ ಮುಗಿಸಿದ ವರ್ಷ ರಾಜಾಜಿನಗರದ ಸೋದರಮಾವ ನಮ್ಮ ಮನೆಗೆ ಬಂದು, ಎರಡು ಗುಟುಕು ಕಾಫಿಯ ನಡುವೆ, ಹೆಣ್ಣುಮಗಳು ಬಿ.ಎಡ್ ಮಾಡಲಿ, ಮಧ್ಯಾಹ್ನವೇ ಮನೆಗೆ ಬರಬಹುದು ಎಂದು ತೀರ್ಪು ಕೊಟ್ಟು ಹೋದರು. ಕೆಲಸಕ್ಕೆ ಸೇರಿದ ಮೇಲೆ ಒಂದು ದಿನವೂ ನಾನು ಮಧ್ಯಾಹ್ನ ಮನೆ ಮುಟ್ಟಿಲ್ಲ.

ಪಿಡಿಎಫ್ ಜೊತೆಗೆ ಇಂಗ್ಲಿಷಿನ ಒಂದು ಫಾರಂ ಇತ್ತು. ಅದನ್ನು ಕನ್ನಡಕ್ಕೆ ತರುವ ಕೆಲಸವೂ ನನ್ನ ತಲೆಗೇ ಬಂತು. 'ವೃತ್ತಿ' ಅಂತ ಬರೆದರೆ ಮಕ್ಕಳು ವೃತ್ತ, ತ್ರಿಜ್ಯ ಅಂತ ಹೊರಟುಬಿಟ್ಟಾರು ಎಂದುಕೊಂಡು, ಮೊದಲ ಪ್ರಶ್ನೆಯನ್ನು ಜನ ಮಾತಾಡುವ ಭಾಷೆಯಲ್ಲೇ ಬರೆದೆ: 'ನಿಮಗೆ ಇಷ್ಟವಾದ ಜಾಬ್ ಯಾವುದು? ಕಾರಣ ಕೊಡಿ.' ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ.

ನಮ್ಮದು ಲಗ್ಗೆರೆ, ಹೆಗ್ಗನಹಳ್ಳಿ ಕಡೆಯ ಮಕ್ಕಳು ಬರುವ ಶಾಲೆ. ಹತ್ತನೇ ಕ್ಲಾಸಿನಲ್ಲಿ ಅರ್ಧ ಜನ ಪೊಲೀಸ್ ಎಂದು ಬರೆದಿದ್ದರು, ಇನ್ನರ್ಧ ಯೂಟ್ಯೂಬರ್. ಒಬ್ಬ 'ಓನರ್' ಅಂತ ಬರೆದಿದ್ದ. ಯಾವುದರ ಓನರ್ ಅಂತ ಇರಲಿಲ್ಲ. ಬಾಡಿಗೆ ವಠಾರದಲ್ಲಿ ಬೆಳೆದವನಿಗೆ ಅದು ಹೇಳಬೇಕಾದ ವಿಷಯವೇ ಅಲ್ಲ. ಕಾರಣದ ಜಾಗದಲ್ಲಿ ಎಲ್ಲರೂ 'ದೇಶಸೇವೆ' ಎಂದು ಬರೆದಿದ್ದರು, ಯೂಟ್ಯೂಬರುಗಳೂ ಸೇರಿ. ಆಮೇಲೆ, ಕೇಳಿದಷ್ಟಕ್ಕೇ ಉತ್ತರ ಕೊಡುವ ಒಬ್ಬ ಹುಡುಗಿಯ ಫಾರಂ ಕೈಗೆ ಬಂತು. ಇಷ್ಟವಾದ ಜಾಬ್: 'ಹಿತ್ತಾಳೆ.' ಕಾರಣ: 'ಕೈ ಕುಯ್ಯುವುದಿಲ್ಲ. ಬೇಗ ಫಿನಿಶ್ ಬರುತ್ತದೆ.' ಎಸ್ಸೆಸ್ಸೆಲ್ಸಿ ನಂತರ ಏನು ಎಂಬಲ್ಲಿ 'ಐಟಿಐ, ಟರ್ನರ್' ಎಂದಿತ್ತು. ಪೋಷಕರ ಸಹಿಯ ಜಾಗ ಖಾಲಿ.

ಇದು ತಲೆಹರಟೆಯೇ ಸರಿ ಎಂದು ನನಗೆ ರೇಗಿತು. ಹೆಡ್‌ಮಾಸ್ಟರು ಅದನ್ನು ಸ್ಟಾಫ್ ರೂಮಿನಲ್ಲಿ ಜೋರಾಗಿ ಓದಿ, ಈ ಮಗುವಿಗೆ ಬೇರೆ ಥರದ ಕೌನ್ಸೆಲಿಂಗೇ ಬೇಕು ಎಂದು ತಲೆಯ ಪಕ್ಕ ಬೆರಳು ತಿರುಗಿಸಿ ತೋರಿಸಿದರು. ನಾನೂ ನಕ್ಕೆ. ಹುಡುಗಿಯನ್ನು ಕರೆದು ಕೇಳಿದ್ದರೆ ಎರಡು ನಿಮಿಷದ ಕೆಲಸ. ಮಕ್ಕಳನ್ನೇ ಕೇಳುವ ಅಭ್ಯಾಸ ಮಾರ್ಗದರ್ಶನ ಕೋಶಕ್ಕೆ ಇನ್ನೂ ಬಂದಿರಲಿಲ್ಲ. ಅಪ್ಪನನ್ನು ಕರೆದುಕೊಂಡು ಬಾ ಎಂದೆ.

ಶನಿವಾರ ಅಪ್ಪ ಬಂದರು. ಪೀಣ್ಯದ ಕಾರ್ಖಾನೆಯ ನೀಲಿ ಯೂನಿಫಾರಂ, ಉಗುರಿನ ಸಂದಿಯಲ್ಲಿ ಗ್ರೀಸು. ಹಿಂದೆ ಮಗಳು. ನಾನು ಮುಖ ಗಂಟಿಕ್ಕಿಕೊಂಡು ಫಾರಂ ಮುಂದಿಟ್ಟೆ. ಅವರು ಮೊದಲ ಉತ್ತರ ಓದಿ ನಕ್ಕುಬಿಟ್ಟರು.

"ಮೇಡಂ, ನಮ್ ಕಡೆ ಜಾಬ್ ಅಂದ್ರೆ ಲೇತ್ ಮಿಷನ್ನಿಗೆ ಹಾಕಿ ತಿರುಗ್ಸಿ ಕೆತ್ತೋ ಪೀಸು. ಸ್ಟೀಲ್ ಜಾಬ್ ಆದ್ರೆ ತುರಿ ಸುರುಳಿ ಸುರುಳಿ ಬಂದು ಕೈ ಕುಯ್ಯುತ್ತೆ. ಹಿತ್ತಾಳೆ ಪುಡಿಪುಡಿಯಾಗಿ ಉದುರೋಗುತ್ತೆ. ಸರಿಯಾಗೇ ಬರ್ದಿದಾಳಲ್ಲ."

ಅಷ್ಟು ದೊಡ್ಡ ಫಾರಂ ರಾಶಿಯಲ್ಲಿ ಕೇಳಿದ್ದಕ್ಕೆ ನಿಜವಾದ ಕಾರಣ ಕೊಟ್ಟವಳು ಅವಳೊಬ್ಬಳೇ. ನನಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ.

ಅಷ್ಟರಲ್ಲಿ ಅವರ ಕಣ್ಣು ಕೆಳಗಿನ ಸಾಲಿಗೆ ಇಳಿಯಿತು. ನಗು ನಿಂತಿತು. ಐಟಿಐಗೆ ತಾನು ಸಹಿ ಹಾಕುವುದಿಲ್ಲ ಎಂದರು. ದಿನವಿಡೀ ನಿಂತು ನಿಂತು ತನ್ನ ಕಾಲಿನ ನರಗಳು ಗಂಟುಕಟ್ಟಿವೆ, ಮಗಳು ಪಿಯುಸಿ ಕಾಮರ್ಸ್ ಓದಿ ಎಲ್ಲಾದರೂ ಫ್ಯಾನಿನ ಕೆಳಗೆ ಕೂತು ಕೆಲಸ ಮಾಡಬೇಕು ಎಂದರು. ಆಮೇಲೆ ನನ್ನ ಕಡೆ ತಿರುಗಿ, ನೀವು ಓದಿದವರು, ನೀವೇ ನಾಲ್ಕು ಬುದ್ಧಿಮಾತು ಹೇಳಿ ಎಂದರು. ಹುಡುಗಿ ನನ್ನನ್ನೇ ನೋಡುತ್ತಿದ್ದಳು. ನಾನು ಒಂದು ಮಾತು ಆಚೆ ಈಚೆ ಆಡಿದರೂ ಅವಳ ಐಟಿಐ ಅಲ್ಲಿಗೇ ಮುಗಿಯುತ್ತಿತ್ತು. ಟರ್ನರ್ ಅಂದರೆ ಈ ಲೇತಿನ ಕೆಲಸದವರು ಎಂದು ಐದು ನಿಮಿಷದ ಹಿಂದೆ ನನಗೇ ಗೊತ್ತಿರಲಿಲ್ಲ. ಬುದ್ಧಿ ಹೇಳುವ ಬದಲು, ಇದನ್ನೆಲ್ಲ ನಿನಗೆ ಯಾರು ಹೇಳಿಕೊಟ್ಟರು ಎಂದು ಅವಳನ್ನೇ ಕೇಳಿದೆ.

"ಅಪ್ಪಾನೇ ಮಿಸ್," ಎಂದಳು. "ದಿನಾ ಊಟಕ್ಕೆ ಕೂತಾಗ ಇವತ್ತು ಜಾಬ್ ಹೆಂಗ್ ಬಂತು ಅಂತ ಹೇಳ್ತಾರೆ. ಅಮ್ಮ ಸೀರಿಯಲ್ ನೋಡ್ತಿರ್ತಾರೆ. ನಾನ್ ಕೇಳಿಸ್ಕೋತೀನಿ."

ಅಪ್ಪ ಗೋಡೆಯ ಮೇಲಿನ ವೇಳಾಪಟ್ಟಿಯನ್ನು ಓದುವವರಂತೆ ನಿಂತರು. ಆಮೇಲೆ ಮಗಳನ್ನು ಕೇಳಿದರು.

"ನಿಂಗೆ ನನ್ ಕೆಲ್ಸ ಅಷ್ಟು ಇಷ್ಟಾನಾ?"

ಹೂಂ ಎಂದಳು. ಅವರು ಕೈ ಚಾಚಿ ಪೆನ್ನು ಕೇಳಿದರು. ಸಹಿ ಮಾಡುವಾಗ ಎರಡನೇ ಅಕ್ಷರ ಗೆರೆಯಿಂದ ಆಚೆ ಹೋಯಿತು.

ನನಗೆ ಸಂತೋಷವಾಗಬೇಕಿತ್ತು. ಆಯಿತು ಕೂಡ. ಆದರೆ ಅದಕ್ಕೂ ಮೊದಲು ಹೊಟ್ಟೆ ಉರಿಯಿತು. ನನಗೂ ಹತ್ತನೇ ಕ್ಲಾಸಿನ ಮಗಳಿದ್ದಾಳೆ, ಬಸವೇಶ್ವರನಗರದ ಶಾಲೆಯಲ್ಲಿ. ಟೀಚರ್ ಆಗ್ತೀಯಾ ಅಂತ ಒಮ್ಮೆ ಕೇಳಿದ್ದಕ್ಕೆ, ಅಯ್ಯೋ ಬೇಡಮ್ಮ, ನಿನ್ನ ಪಾಡು ನೋಡಿಲ್ವಾ ಎಂದಿದ್ದಳು. ಅವಳ ತಪ್ಪೇನಿಲ್ಲ. ಇಷ್ಟು ವರ್ಷ ನಾನು ಮನೆಗೆ ಹೊತ್ತು ತಂದದ್ದು ಉತ್ತರಪತ್ರಿಕೆ, ಗಂಟಲುನೋವು, ಹೆಡ್‌ಮಾಸ್ಟರ ಮೇಲಿನ ದೂರು. ಪಾಠದ ಮಧ್ಯೆ ಇಡೀ ಕ್ಲಾಸು ಒಂದು ಪದ್ಯಕ್ಕೆ ಕಿವಿಗೊಟ್ಟು ಕೂತುಬಿಡುವ ದಿನಗಳೂ ಇದ್ದವು. ಅವನ್ನು ನಾನು ಅವಳಿಗೆ ಯಾವತ್ತೂ ಹೇಳಿರಲಿಲ್ಲ.