ಇಂಜಿನ್ನಿಗೆ ಸೋಲದ ಹಾಡು

ಹೊಸ ಸಿಡಿ ಕೈಗೆ ಬಂದರೆ ಗಜುದಾದಾ ಅದನ್ನು ಮನೆಯಲ್ಲಿ ಕೇಳುತ್ತಿರಲಿಲ್ಲ, ಸಮುದ್ರಕ್ಕೆ ಒಯ್ಯುತ್ತಿದ್ದ. ಕಾರವಾರದ ಬೈತಖೋಲ ಬಂದರಿನಿಂದ ಹೊರಡುವ ಮೀನಿನ ಬೋಟೊಂದರಲ್ಲಿ ಇಂಜಿನ್ ನೋಡಿಕೊಳ್ಳುವುದು ಅವನ ಕೆಲಸ. ಇಂಜಿನ್ ಚಾಲೂ ಆದ ಮೇಲೆ ಅದರ ಮಗ್ಗುಲಲ್ಲೇ ಕೂತು, ಪ್ಲೇಯರಿನ ವಾಲ್ಯೂಮನ್ನು ತುದಿ ಮುಟ್ಟಿಸಿ, ಇಯರ್‌ಫೋನನ್ನು ಎರಡೂ ಕೈಯಿಂದ ಕಿವಿಗೆ ಒತ್ತಿಕೊಂಡು ಪರೀಕ್ಷೆ ಶುರು ಮಾಡುತ್ತಿದ್ದ. ಆ ಆರ್ಭಟವನ್ನು ಮೀರಿ ಕೇಳಿದ ಹಾಡು ಪಾಸು. ಕೇಳದ್ದು ಚಪ್ಪೆ. ಇಂಗ್ಲೆಂಡಿನಲ್ಲೋ ಅಮೆರಿಕದಲ್ಲೋ ಯಾರೋ ಪಾಪ ಒದ್ದಾಡಿ ಮಾಡಿದ ಹಾಡಿನ ಹಣೆಬರಹ ಹೀಗೆ ನಮ್ಮೂರಿನ ಡೀಸೆಲ್ ಇಂಜಿನ್ನಿನ ಮುಂದೆ ತೀರ್ಮಾನವಾಗುತ್ತಿತ್ತು.

ನಾನು ಆಗ ಅಂಕೋಲೆಯ ಹತ್ತಿರ ಬಾಳೆಗುಳಿ ಕ್ರಾಸಿನಲ್ಲಿ ಸೈಬರ್ ಇಟ್ಟುಕೊಂಡಿದ್ದೆ. ಮನಸ್ಸು ಬಂದಾಗ ಮಾತ್ರ ನಡೆಯುವ ಇಂಟರ್ನೆಟ್ಟು. ಒಂದು ಸಿಡಿಯ ಹಾಡುಗಳು ಇಳಿಯಬೇಕೆಂದರೆ ಬೆಳಿಗ್ಗೆ ಹಚ್ಚಿದರೆ ಸಂಜೆಯಾದರೂ ನಂಬಿಕೆಯಿಲ್ಲ. ಗಜುದಾದಾನ ಮನೆ ಸದಾಶಿವಗಡದಲ್ಲಿ. ಕಾಳಿ ಸೇತುವೆ ದಾಟಿ, ಕಾರವಾರ ದಾಟಿ ಅವನು ನನ್ನ ಹತ್ತಿರವೇ ಬರುತ್ತಿದ್ದುದಕ್ಕೆ ಕಾರಣ ಸರಳ: ಕಾರವಾರದ ಸೈಬರಿನವರು ಒಂದು ಸಲ ಇವನ ಹಾಡು ಕೇಳಿ ಎಬ್ಬಿಸಿ ಕಳಿಸಿದ್ದರು. ಈ ಹುಚ್ಚು ಹತ್ತಿದ್ದು ಗೋವಾದಲ್ಲಿ. ಕಾಣಕೋಣದ ಕಡಲ ದಂಡೆಯ ಹೋಟೆಲಿನಲ್ಲಿ ಕೆಲಸಕ್ಕಿದ್ದಾಗ ಯಾವನೋ ಬಿಳಿಯ ಹೋಗುವಾಗ ತನ್ನ ಪಂಕ್, ಇಂಡಿ ಎಂಬ ಜಾತಿಯ ಹಾಡುಗಳ ಕ್ಯಾಸೆಟ್ಟುಗಳನ್ನು ಇವನಿಗೆ ಕೊಟ್ಟು ಹೋಗಿದ್ದ. ಹೋದವನು ಹೋದ, ಹುಚ್ಚು ಇಲ್ಲೇ ಉಳಿಯಿತು.

"ಪಂಕ್ ಅಂದ್ರೆ ಎಂತ ದಾದಾ?" ಎಂದು ಮೊದಲ ಸಲ ಕೇಳಿದ್ದೆ.

"ಮೀನು ಪೇಟೇಲಿ ನಮ್ಮ ಬಾಯ್ ಕೂಗ್ತದಲ್ಲ, ಅದೇಯ. ರಾಗ ಕಲ್ತದ್ದಲ್ಲ. ಆದ್ರೆ ಹೇಳೂದು ಅದೆ, ಹೇಳ್ದೆ ಬಿಡೂದಿಲ್ಲ."

ಬಾಯ್ ಅಂದರೆ ಅವನ ಅಕ್ಕ ಶೇವಂತಿಬಾಯಿ. ಗಂಡ ತೀರಿದ ಮೇಲೆ ಮೀನು ಮಾರಿ ಬದುಕಿದವರು, ಮದುವೆಯಾಗದ ತಮ್ಮನನ್ನೂ ಸಾಕಿದವರು. ಇಂಡಿ ಎಂದರೇನು ಎಂದು ಕೇಳಿದ್ದಕ್ಕೂ ಉತ್ತರ ಸಿದ್ಧವಿತ್ತು. "ಸ್ವಂತ ದೋಣಿಯವ್ರು. ಸಾವ್ಕಾರನ ಬೋಟಿಗೆ ಹೋಗೂರಲ್ಲ. ತೂತಾಗ್ಲಿ, ಮುಳಗ್ಲಿ, ದೋಣಿ ತಮ್ದು."

ಅವನ ವಿಮರ್ಶೆಗೆ ದಯೆ ದಾಕ್ಷಿಣ್ಯ ಇರಲಿಲ್ಲ. ತನಗೆ ಪ್ರಾಣವಾಗಿದ್ದ ತಂಡವೊಂದು ದೊಡ್ಡ ಕಂಪನಿ ಸೇರಿ ಥಳಥಳಿಸುವ ಸಿಡಿ ತಂದಾಗ, "ಮೊದ್ಲಿಂದು ಬಲೆಯಿಂದ ಬಿಡ್ಸಿದ ಬಾಂಗಡೆ. ಇದು ಐಸಿಂದು. ಕಣ್ಣು ನೋಡಿದ್ರೇ ತಿಳೀತದೆ" ಎಂದು ಹಿಂದಕ್ಕೆ ತಳ್ಳಿದ. ಹೇಳಿದ್ದನ್ನೇ ಹೇಳುವ ತಂಡಗಳನ್ನು ಕಂಡರಂತೂ ಆಗುತ್ತಿರಲಿಲ್ಲ. "ಬಲೆ ಹಾಕಿದಲ್ಲೇ ಹಾಕ್ತಾರೆ. ಮೀನು ಎಂದೋ ಹೋಗಿ ಆಯ್ತು." ಆದರೆ ತಣ್ಣಗೆ ಹಾಡಿದವರನ್ನೆಲ್ಲ ಸಾರಾಸಗಟಾಗಿ ಬೈಯುತ್ತಿರಲಿಲ್ಲ. ಒಬ್ಬಳು ಹುಡುಗಿ ಗಿಟಾರು ಹಿಡಿದು ಪಿಸುಗುಟ್ಟಿದಂತೆ ಹಾಡಿದ್ದ ಸಿಡಿಯೊಂದು ಇಂಜಿನ್ನಿನ ಮುಂದೆ ಉಳಿಯಿತಂತೆ. "ದನಿ ಸಣ್ಣದು ತಮಾ. ಮುಳ್ಳು ಅದೆ" ಎಂದು ಅದನ್ನು ಹಾರವಾಡದ ತನ್ನ ನೆಂಟರ ಮನೆಗೂ ಒಯ್ದು ಕೇಳಿಸಿದ. ಅವರು ಚಹಾ ಕೊಟ್ಟು ಕಳಿಸಿದರು.

ಅದೇ ಅವನ ಸಂಕಟ. ಇಡೀ ಸೀಮೆಯಲ್ಲಿ ಆ ಹಾಡು ಕೇಳಿ ತಲೆದೂಗುವ ಇನ್ನೊಂದು ಪ್ರಾಣಿ ಇರಲಿಲ್ಲ. ನನಗೆ ಅರ್ಧ ತಿಳಿಯುತ್ತಿತ್ತು, ಇನ್ನರ್ಧಕ್ಕೆ ತಲೆನೋವು. ಶೇವಂತಿಬಾಯಿಯ ತೀರ್ಪು ಇನ್ನೂ ಖಡಕ್ಕು. "ಇದು ಹಾಡಲ್ಲ ತಮಾ. ಯಾರ್ನೋ ಹಾಕಿ ಬಡೀತಾ ಇದ್ದಾರೆ. ಹೋಗಿ ಬಿಡ್ಸೂಕೆ ಆಗೂದಿಲ್ಲ ಅಷ್ಟೇ."

"ನಾ ಸಾಯೂದ್ರೊಳಗೆ ಬಾಯ್ ಒಂದು ಸಲ ಚಲೋ ಅದೆ ಅಂದ್ರೆ ಸಾಕು" ಎಂದು ಅವನು ನಗುತ್ತಿದ್ದ.

ಒಂದು ವರ್ಷ ಮಳೆಗಾಲದ ಮೊದಲು ಅವನಿಗೆ ಯಾವ ಹೊಸ ಸಿಡಿಯೂ ಹಿಡಿಸದಾಯಿತು. ಎಲ್ಲಕ್ಕೂ ಒಂದೇ ದೂರು. ಡ್ರಮ್ಮಿನ ಮೇಲಿನ ಹಿತ್ತಾಳೆಯ ತಾಟಿಗೆ ಅವನು ಭಜನೆಯ ಜಾಂಜಿನ ಹೆಸರನ್ನೇ ಇಟ್ಟಿದ್ದ. "ಈಗಿನವ್ರು ಜಾಂಜ್ ಹೊಡೂದೇ ಬಿಟ್ಟಿದ್ದಾರೆ. ಎಂತಕ್ಕೆ ಹೀಂಗಾದ್ರು ಇವ್ರೆಲ್ಲ?" ನನಗೆ ಜಾಂಜ್ ಚೆನ್ನಾಗಿಯೇ ಕೇಳುತ್ತಿತ್ತು. ವಾದ ಮಾಡಿ ಸಾಕಾಗಿ, ಅವನು ಬಾಯಿಪಾಠ ಮಾಡಿಕೊಂಡಿದ್ದ ಹಳೆಯ ಸಿಡಿಯೊಂದನ್ನು ಹಾಕಿದೆ. ಶುರುವಾಗುವುದೇ ಜಾಂಜಿನಿಂದ. ಅವನು ಎಂದಿನಂತೆ ಬೆರಳೆತ್ತಿ ಕಾದ. ಬೆರಳು ಗಾಳಿಯಲ್ಲೇ ನಿಂತಿತು. ನನ್ನ ಮುಖ ನೋಡಿದ, ಸ್ಪೀಕರ್ ನೋಡಿದ.

"ತಮಾ, ಇದ್ರಲ್ಲೂ ಇಲ್ಲ."

ಜಾಂಜ್ ನನ್ನ ಕಿವಿಗೆ ಬಡಿಯುತ್ತಲೇ ಇತ್ತು. ನಾನು ಸಿಡಿ ನಿಲ್ಲಿಸಿ, ಡಾಕ್ಟರಿಗೆ ಕಿವಿ ತೋರಿಸು ಎಂದೆ.

ಮಳೆಗಾಲಕ್ಕೆ ಬೋಟುಗಳು ದಡ ಸೇರಿದವು. ಎಲ್ಲ ಇಂಜಿನ್ನುಗಳೂ ನಿಂತವು, ಅವನ ಕಿವಿಯೊಳಗಿನದು ಮಾತ್ರ ನಿಲ್ಲಲಿಲ್ಲ. ಡಾಕ್ಟರು ನೋಡಿ, ಹೋದದ್ದು ಬರುವುದಿಲ್ಲ, ಇರುವುದೂ ಇಳಿಯುತ್ತಿದೆ ಎಂದರಂತೆ. ಇಂಜಿನ್ ಕೆಲಸ ಬಿಟ್ಟ. ಬಲೆ ಹೆಣೆಯುವವರ ಜೊತೆ ಕೂತ. ಇಯರ್‌ಫೋನನ್ನು ಶೇವಂತಿಬಾಯಿ ಒಲೆಗೆ ಹಾಕಿದರು. ಇಷ್ಟು ವರ್ಷ ಹಾಡನ್ನು ಪರೀಕ್ಷೆ ಮಾಡುತ್ತೇನೆಂದು ಕೂತವನು ಪರೀಕ್ಷೆಗೆ ಒಡ್ಡಿದ್ದು ತನ್ನ ಕಿವಿಯನ್ನೇ. ಯಾರ ಮೇಲೆ ಸಿಟ್ಟು ಮಾಡಬೇಕೆಂದು ತಿಳಿಯದೆ ನಾನು ನನ್ನ ಕಂಪ್ಯೂಟರಿನ ಮೇಲೆ ಸಿಟ್ಟು ಮಾಡುತ್ತಿದ್ದೆ.

ಏಕೆಂದರೆ ಅವನಿಗೆ ಒಂದೇ ಒಂದು ಆಸೆ ಉಳಿದಿತ್ತು. ಅವನು ಬಹುವಾಗಿ ಮೆಚ್ಚಿದ ಸ್ವಂತ ದೋಣಿಯವರ ತಂಡವೊಂದು ಎಷ್ಟೋ ಕಾಲದಿಂದ ಸುಮ್ಮನಿತ್ತು. ಈಗ ಮಳೆ ಮುಗಿಯುವ ಹೊತ್ತಿಗೆ ಅವರ ಹೊಸ ಸಿಡಿ ಬರುವುದಿತ್ತು. "ಅಲ್ಲೀವರೆಗೆ ಕಿವಿ ಇದ್ರೆ ಆಯ್ತು. ಆಮೇಲೆ ಹೋದ್ರೆ ಹೋಗ್ಲಿ." ಜೋರು ಸದ್ದಿದ್ದಲ್ಲಿ ಸುಳಿಯದಾದ. ಬಸ್ಸಿನಲ್ಲಿ ಕಿವಿಗೆ ಹತ್ತಿ ತುರುಕಿಕೊಂಡು ಬರುತ್ತಿದ್ದ. ಇದ್ದ ಚೂರು ಕಿವಿಯನ್ನು ಆ ಸಿಡಿಗೆಂದು ಎತ್ತಿಟ್ಟುಕೊಂಡಿದ್ದ. ಪ್ರತಿ ಸಲವೂ ಬಾಗಿಲಲ್ಲೇ ನಿಂತು "ಬಂತಾ?" ಎನ್ನುತ್ತಿದ್ದ. ನಾನು ತಲೆ ಅಲ್ಲಾಡಿಸಿದರೆ ಒಳಗೂ ಬರದೆ ಹಿಂದಿರುಗುತ್ತಿದ್ದ. ಆಮೇಲೆ ಬರುವುದೂ ನಿಂತಿತು.

ಸಿಡಿ ಬಂತು, ತಡವಾಗಿ. ಹಾಡುಗಳು ಇಳಿಯುವ ಮೊದಲು ಲೈನು ಎಷ್ಟು ಸಲ ಸತ್ತಿತೋ. ಅವಸರದಲ್ಲಿ ಸಿಡಿಗೆ ಬರೆದು, ಅಂಗಡಿಗೆ ಬೀಗ ಹಾಕಿ ಸದಾಶಿವಗಡದ ಬಸ್ಸು ಹತ್ತಿದೆ. ಅದೇ ನಾನು ಅವನನ್ನು ಕಡೆಯ ಸಲ ಕಂಡದ್ದು. ಮುಂದೆ ಸೈಬರ್ ಮುಚ್ಚಿ ನಾನು ಹುಬ್ಬಳ್ಳಿ ಸೇರಿದೆ. ಅವನು ತೀರಿಕೊಂಡ ಸುದ್ದಿ ಮುಟ್ಟುವಾಗ ಎಲ್ಲ ಮುಗಿದಿತ್ತು.

ಅಂದು ಅವನು ಜಗಲಿಯಲ್ಲಿ ಬಲೆ ಹಿಡಿದು ಕೂತಿದ್ದ. ಸಿಡಿ ತೋರಿಸಿದೆ. ಬಲೆ ಬಿಸಾಡಿ ನನ್ನ ಕೈ ಹಿಡಿದು ಒಳಗೆ ಎಳೆದುಕೊಂಡು ಹೋದ. ಪ್ಲೇಯರಿನ ಸ್ಪೀಕರಿಗೆ ಕೆನ್ನೆ ಒತ್ತಿ, ಪೆಟ್ಟಿಗೆಯ ಮೇಲೆ ಅಂಗೈ ಊರಿ ಕಣ್ಣು ಮುಚ್ಚಿದ. ಹಾಡು ಶುರುವಾಯಿತು. ಸ್ವಲ್ಪ ಹೊತ್ತಿನಲ್ಲೇ ಸಿಡಿ ಸಿಕ್ಕಿಕೊಂಡಿತು. ಢಬ್ ಢಬ್ ಢಬ್ ಎಂದು ಡ್ರಮ್ಮಿನ ಒಂದೇ ತುಂಡು ಮತ್ತೆ ಮತ್ತೆ. ನಾನು ತೆಗೆಯಲು ಕೈ ಚಾಚಿದೆ.

ಅವನ ಮುಖದಲ್ಲಿ ನಗು ಮೂಡುತ್ತಿತ್ತು. "ನೋಡಿದ್ಯಾ ತಮಾ?" ಎಂದು ಕಣ್ಣು ತೆರೆದು ಕಿವುಡರ ದೊಡ್ಡ ದನಿಯಲ್ಲಿ ಹೇಳಿದ. "ಇವ್ರು ಸೋಲೂದಿಲ್ಲ. ಹಿಡ್ದದ್ದು ಬಿಡೂದಿಲ್ಲ. ಇಂಜಿನ್ ಮುಂದೆ ಇಟ್ರೂ ನಿಲ್ತದೆ."

ಶೇವಂತಿಬಾಯಿ ಅಡುಗೆ ಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದು ನನಗೆ ಹೇಳಿದರು. "ತಮಾ, ಅದು ಒಂದೇ ಕಡೆ ಸಿಕ್ಕಾಕಂಡದೆ. ತೆಗಿ ಅದ್ನ."

ಅವರ ತುಟಿ ಆಡಿದ್ದು ಅವನಿಗೆ ಕಂಡಿತು. "ಬಾಯ್ ಎಂತ ಹೇಳ್ತು?"

ನಾನು ಅವನ ಕಿವಿಗೆ ಬಾಯಿಟ್ಟು ಕೂಗಿದೆ. "ಚಲೋ ಅದೆ ಅಂದ್ರು."

ಶೇವಂತಿಬಾಯಿ ನನ್ನನ್ನು ನೋಡಿದರು. ಆಮೇಲೆ ತಮ್ಮನನ್ನು ನೋಡಿದರು. ಸೆರಗನ್ನು ಬಾಯಿಗೆ ಒತ್ತಿಕೊಂಡು ಹೊಸ್ತಿಲ ಮೇಲೆ ಕೂತು, ಆ ಮುರುಕು ಢಬ್ ಢಬ್ಬಿಗೆ ಮೆಲ್ಲಗೆ ತಲೆದೂಗತೊಡಗಿದರು. ಗಜುದಾದಾನ ಕಣ್ಣು ತುಂಬಿ ಹರಿಯಿತು.

"ಇದು ಮುಗೀಲಿ ಬಾಯ್" ಎಂದ ಅವನು, ಕೆನ್ನೆಯನ್ನು ಸ್ಪೀಕರಿಗೆ ಇನ್ನಷ್ಟು ಒತ್ತಿ. "ಮುಂದಿಂದೂ ಕೇಳ್ವಾ."

ನಾವಿಬ್ಬರೂ ಅವನ ಜೊತೆ ಕಾಯುತ್ತ ಕೂತೆವು.