ಸೇತುವೆಯಡಿ ನಿಂತಿದ್ದ ಮಗಳು

ಆಂಜನೇಯನನ್ನು ನಂಬಿದ ನಿಮ್ಮೆಲ್ಲರಿಗೂ ಇದನ್ನು ಬರೆಯುತ್ತಿದ್ದೇನೆ.

ನನ್ನ ಒಬ್ಬಳೇ ಮಗಳು ಸುಮಾ ಎಂಜಿನಿಯರ್. ಹಳೆಯ ಕಾಂಕ್ರೀಟ್ ಸೇತುವೆಗಳಲ್ಲಿ ಇನ್ನೆಷ್ಟು ಶಕ್ತಿ ಉಳಿದಿದೆ ಎಂದು ನೋಡುವುದು ಅವಳ ಕೆಲಸ. ಯುಗಾದಿ ಕಳೆದ ಮೇಲೆ ಹೊಂಗನೂರಿನ ಕಡೆ ಹಳ್ಳದ ಸೇತುವೆಯೊಂದಕ್ಕೆ ಲೋಡ್ ಟೆಸ್ಟ್ ಇತ್ತು. ಜಲ್ಲಿ ತುಂಬಿದ ಲಾರಿಗಳನ್ನು ಒಂದೊಂದಾಗಿ ಮೇಲೆ ನಿಲ್ಲಿಸಿ, ಸೇತುವೆ ಎಷ್ಟು ಬಾಗಿತೆಂದು ಕೆಳಗಿನಿಂದ ಅಳೆಯಬೇಕು. ಆ ಕೆಳಗೆ ನಿಲ್ಲುವವಳು ನನ್ನ ಮಗಳು!

"ಬೇರೆ ಯಾರೂ ಇಲ್ವೇನೇ?" ಎಂದೆ.

"ಮೊದಲು ಚೆಕ್ ಮಾಡಿದ ರೀಡಿಂಗ್ ಎಲ್ಲಾ ಚೆನ್ನಾಗಿದೆ ಅಮ್ಮಾ. ಡೋಂಟ್ ವರಿ."

ಹೇಗೆ ವರಿ ಮಾಡದಿರಲಿ? ಟೆಸ್ಟಿನ ದಿನ ಶನಿವಾರ. ಬೆಳಿಗ್ಗೆಯೇ ಕೆಂಗಲ್ ಆಂಜನೇಯನ ಗುಡಿಗೆ ಬಸ್ ಹತ್ತಿದೆ. ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ಕಲಿಸಿದ ಪ್ರೇಯರ್ ಒಂದೂ ಬಾಯಿಗೆ ಬರಲಿಲ್ಲ. "ಸಮುದ್ರಕ್ಕೇ ಸೇತುವೆ ಹಾಕಿದವರ ಜೊತೆ ಇದ್ದವನು ನೀನು. ಈ ಹಳ್ಳದ ಸೇತುವೆ ಪಾಸಾಗಲಪ್ಪ" ಎಂದಷ್ಟೇ ಕೇಳಿದೆ.

ಊಟದ ಕ್ಯಾರಿಯರ್ ಹಿಡಿದು ಸೈಟಿಗೆ ಹೋದಾಗ ಮೊದಲ ಲಾರಿ ಸೇತುವೆಯ ತುದಿಯಲ್ಲಿತ್ತು. ಸುಮಾ ಆಗಲೇ ಕೆಳಗಿಳಿದಿದ್ದಳು. ಸೇತುವೆ ಪಕ್ಕದ ಮನೆಯ ಪುಟ್ಟಮ್ಮ ಲಾರಿಗೆ ಅಡ್ಡ ನಿಂತಿದ್ದರು. ದೃಷ್ಟಿ ತೆಗೆಯಲು ಅರಿಶಿನಕ್ಕೆ ಸುಣ್ಣ ಕಲಸಿದ ಕೆಂಪು ಓಕುಳಿ ನೀರು. ಲಾರಿಗೆ ತಟ್ಟೆ ಸಾಲದೆಂದು ಬಕೆಟ್ ತುಂಬ ತಂದಿದ್ದರು.

"ಏನಕ್ಕಾ, ಲಾರಿಗೆ ಮದ್ವೆ ಮಾಡ್ತಿದ್ದೀಯಾ? ಒಸಿ ಬೇಗ!" ಎಂದ ಡ್ರೈವರ್.

"ನಿಂಗಂತೂ ಆಗ್ನಿಲ್ಲ, ಲಾರಿಗಾದ್ರೂ ಆಗ್ಲಿ, ಸುಮ್ಕಿರ್ಲಾ!"

ನಿವಾಳಿಸಿ, ಸೇತುವೆಯ ನಡುವೆ ಇಡೀ ಬಕೆಟ್ ಸುರಿದರು. ಡ್ರೈವರ್ ಎಂಜಿನ್ ಸ್ಟಾರ್ಟ್ ಮಾಡಿದ.

ನಾನು ದಡದಿಂದ ಬಗ್ಗಿ ನೋಡಿದೆ. ಸುಮಾಳ ಕೆನ್ನೆ, ಶರ್ಟು, ಎಲ್ಲ ಕೆಂಪು!

"ರಕ್ತ!" ಎಂದು ಕಿರುಚಿದೆ. ಕ್ಯಾರಿಯರ್ ಕೈಯಿಂದ ಬಿತ್ತು.

ಅವಳು ಕೆನ್ನೆ ಒರೆಸಿಕೊಂಡು ಬೆರಳು ಮೂಸಿದಳು. ಆಮೇಲೆ ತಲೆಯೆತ್ತಿದಳು. ಸೇತುವೆಯ ತಳದಲ್ಲಿ ಉದ್ದಕ್ಕೂ ಒಂದು ಕೆಂಪು ಗೆರೆ, ಅಲ್ಲಿಂದ ತೊಟ್ಟು ತೊಟ್ಟಾಗಿ ಓಕುಳಿ ನೀರು.

"ಸ್ಟಾಪ್! ಲಾರಿ ರಿವರ್ಸ್ ತಗೊಳ್ಳಿ!" ಎನ್ನುತ್ತಾ ಓಡಿ ಬಂದಳು.

ಯಾವ ಕಾಲದಲ್ಲೋ ಯಾರೋ ತಳದ ಆ ಬಿರುಕಿನ ಮೇಲೆ ನುಣ್ಣಗೆ ಪ್ಲಾಸ್ಟರ್ ಬಳಿದು ಮುಚ್ಚಿದ್ದರು. ಕೆರೆದು ನೋಡಿದರೆ ಒಳಗಿನ ಕಬ್ಬಿಣ ತುಕ್ಕು ಹಿಡಿದು ಪುಡಿಪುಡಿ. ಸುಮಾ ನನ್ನ ಪಕ್ಕ ಬಂದು ಕೂತಳು. "ಮೊದಲನೇ ಲಾರಿಗೇ ಹೋಗ್ತಿತ್ತಮ್ಮಾ."

ನಾನು ಬೇಡಿದ್ದು ಸೇತುವೆ ಪಾಸಾಗಲೆಂದು. ಸ್ವಾಮಿ ಅದನ್ನು ಫೇಲ್ ಮಾಡಿ ನನ್ನ ಮಗಳನ್ನು ಉಳಿಸಿದ. ಈಗ ಹೊಸದು ಕಟ್ಟುತ್ತಿದ್ದಾರೆ. ಬಸ್ಸು ಸುತ್ತಿಕೊಂಡು ಹೋಗುತ್ತದೆಂದು ಪುಟ್ಟಮ್ಮ ಗೊಣಗುತ್ತಾರೆ. ಶರ್ಟಿನ ಕಲೆ ಎಷ್ಟು ಒಗೆದರೂ ಹೋಗಿಲ್ಲ. ನಾನು ಪ್ರತಿ ಶನಿವಾರ ಕೆಂಗಲ್‌ಗೆ ಹೋಗುತ್ತೇನೆ. ಇಂಥದ್ದು ಆಗಲಿ ಎಂದು ಅವನಿಗೆ ಹೇಳಿಕೊಡುವುದನ್ನು ಬಿಟ್ಟಿದ್ದೇನೆ. "ನೋಡ್ಕೋಪ್ಪ" ಎನ್ನುತ್ತೇನೆ, ಅಷ್ಟೇ.