ಬಾಗಿಲು ಹಾಕಬೇಡ ಎಂದವಳು

ನನ್ನ ಅಕ್ಕ ಕುದುರೆಲಾಯದಲ್ಲಿ ಕೆಲಸ ಮಾಡುತ್ತಾಳೆ. ಇಪ್ಪತ್ತೆರಡು ವರ್ಷದಿಂದ ಲದ್ದಿ ಬಾಚಿದ್ದಾಳೆ, ಮೈ ಉಜ್ಜಿದ್ದಾಳೆ, ಎರಡು ಸಲ ಕಾಲ್ಬೆರಳು ಮುರಿಸಿಕೊಂಡಿದ್ದಾಳೆ. ಮನೆಯವರ ಮೇಲೆ ಸದಾ ಸಿಡಿಮಿಡಿ, ಕುದುರೆಗಳ ಮುಂದೆ ಮಾತ್ರ ಬೆಣ್ಣೆ! ನಾನು ಲಾರಿ ಓಡಿಸುವವನು, ಕಾಯುವುದೆಂದರೆ ನನಗಾಗದು. ಅಂಥ ನನ್ನನ್ನೇ ಅವಳು ಹನ್ನೊಂದು ದಿನ ಕಾಯಿಸಿದಳು.

ಲಾಯ ಮುಚ್ಚುವುದಿತ್ತು. ಹದಿನಾಲ್ಕು ಕುದುರೆಗಳನ್ನು ದೂರದ ಇನ್ನೊಂದು ಲಾಯಕ್ಕೆ ಸಾಗಿಸುವ ಕೆಲಸ ನನಗೆ ಬಂತು. ಹದಿಮೂರು ಸುಮ್ಮನೆ ಹತ್ತಿದವು. ಉಳಿದವನು ‘ದೊರೆ’. ಆ ಮಹಾಶಯ ಲಾರಿ ಹತ್ತುವ ಹಲಗೆ ಕಂಡರೆ ಸಾಕು, ಹಿಂಗಾಲ ಮೇಲೆ ಎದ್ದು ನಿಲ್ಲುತ್ತಿದ್ದ. ಹಿಂದೊಮ್ಮೆ ಆರು ಜನ ಹಗ್ಗ ಹಾಕಿ ಎಳೆದು, ಅವನು ಒಳಗೆ ಹೋದದ್ದೇ ತಡ, ದಡಾರನೆ ಬಾಗಿಲು ಬಡಿದಿದ್ದರಂತೆ. ಆ ಬಾಗಿಲು ತಗುಲಿ ತೊಡೆಗಾದ ಗಾಯದ ಗುರುತು ಇನ್ನೂ ಇತ್ತು.

“ಬರೋ ವಾರ ಶನಿವಾರ ಮಧ್ಯಾಹ್ನದೊಳಗೆ ಹತ್ತಲಿಲ್ಲ ಅಂದ್ರೆ ಡಾಕ್ಟರ್ ಬಂದು ಸೂಜಿ ಚುಚ್ಚಿ ಇವನನ್ನ ಮುಗಿಸ್ತಾರೆ. ನಾನು ಜಾಗ ಖಾಲಿ ಮಾಡ್ಲೇಬೇಕಮ್ಮ,” ಎಂದರು ಲಾಯದ ಯಜಮಾನರು.

ಅಕ್ಕನ ಮುಖ ಕಪ್ಪಿಟ್ಟಿತು. ಆದರೆ ಮಾಡಿದ್ದೇನು? ದಿನಾ ಮಧ್ಯಾಹ್ನ ನನ್ನ ಲಾರಿ ನಿಲ್ಲಿಸಿ, ಬಾಗಿಲು ತೆರೆಸಿ, ಹಲಗೆಯ ಮೇಲೆ ಕೂತು ಊಟದ ಡಬ್ಬಿ ಬಿಚ್ಚಿದಳು! ದೊರೆಯ ಕಡೆ ತಿರುಗಿಯೂ ನೋಡಲಿಲ್ಲ. ನನ್ನ ತಲೆ ಕೆಟ್ಟುಹೋಯಿತು. ಮೂರನೆಯ ದಿನ ಅವನೇ ಬಂದು ಅವಳ ಭುಜ ಮೂಸಿದ. ಆರನೆಯ ದಿನ ಒಂದು ಮುಂಗಾಲನ್ನು ಹಲಗೆಯ ಮೇಲಿಟ್ಟ. ಖುಷಿ ತಡೆಯಲಾರದೆ ನಾನು ಚಪ್ಪಾಳೆ ಹೊಡೆದುಬಿಟ್ಟೆ. ಅವನು ಅಂಗಳದ ಆ ತುದಿಗೆ ಓಟ ಕಿತ್ತ. ಅಕ್ಕ ಬೈದ ಬೈಗುಳ ಇಲ್ಲಿ ಬರೆಯುವಂಥದ್ದಲ್ಲ.

ಹನ್ನೊಂದನೆಯ ದಿನ, ಆ ಶನಿವಾರ ಬಂದೇ ಬಂತು. ಹನ್ನೊಂದೂವರೆಗೆ ಡಾಕ್ಟರ ಕಾರು ಗೇಟಿನೊಳಗೆ ಬಂತು. ಅದೇ ಹೊತ್ತಿಗೆ ದೊರೆ ಅಕ್ಕನ ಹಿಂದೆ ಒಂದೊಂದೇ ಹೆಜ್ಜೆ ಇಡುತ್ತ ಹಲಗೆ ಹತ್ತಿದ. ಎರಡು ಕಾಲು, ಮೂರು, ನಾಲ್ಕೂ ಒಳಗೆ! ನಾನು ಬಾಗಿಲಿಗೆ ಹಾರಿದೆ.

“ಮುಟ್ಟಬೇಡ ಕಣೋ!”

“ಅಕ್ಕಾ, ಒಳಗಿದಾನೆ! ಚಿಲಕ ಹಾಕಿದ್ರೆ ಮುಗೀತು!”

“ಹಾಕಿದ್ರೆ ಇವನು ಇನ್ಯಾವತ್ತೂ ನನ್ನ ನಂಬಲ್ಲ. ದೂರ ನಿಲ್ಲು.”

ಅಷ್ಟಕ್ಕೇ ಬಿಡದೆ ಕೈಯಲ್ಲಿದ್ದ ಅವನ ಹಗ್ಗವನ್ನೂ ಕೆಳಗೆ ಹಾಕಿದಳು. ದೊರೆ ಹಿಂದಕ್ಕೆ ನಡೆಯುತ್ತ ಇಳಿದೇಬಿಟ್ಟ. ಯಜಮಾನರು ತಲೆಯ ಮೇಲೆ ಕೈ ಹೊತ್ತರು. “ನಿಂಗೇನು ಹುಚ್ಚಾ? ನೀನೇ ಅವನನ್ನ ಸಾಯಿಸ್ತಿದೀಯ!” ಎಂದು ಕಿರುಚಿದೆ. ಅಕ್ಕ ಲಾರಿಯೊಳಗೆ ಒಬ್ಬಳೇ ನಿಂತಿದ್ದಳು. ಡಾಕ್ಟರು ಚೀಲ ಹಿಡಿದು ಇಳಿದರು.

ದೊರೆ ಅಂಗಳದಲ್ಲಿ ನಿಂತು ತೆರೆದ ಬಾಗಿಲನ್ನು ನೋಡಿದ, ಡಾಕ್ಟರನ್ನು ನೋಡಿದ, ಮೂಗರಳಿಸಿ ಉಸಿರುಬಿಟ್ಟ. ಆಮೇಲೆ ಯಾರೂ ಕರೆಯದೆ, ಯಾರೂ ಎಳೆಯದೆ, ಟಕ್ ಟಕ್ ಟಕ್ ಎಂದು ನೇರ ಮೇಲೆ ಹತ್ತಿ ಅಕ್ಕನ ಎದೆಗೆ ಹಣೆ ಒತ್ತಿ ನಿಂತ!

“ಈಗ ಹಾಕೋ. ಮೆಲ್ಲಗೆ.”

ಚಿಲಕ ಸದ್ದಾಗದಂತೆ ಸರಿಸಲು ನನಗೆ ಎರಡೂ ಕೈ ಬೇಕಾದವು. ಒಳಗೆ ಅಕ್ಕ ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. ದೊರೆ ನೆಮ್ಮದಿಯಾಗಿ ಹುಲ್ಲು ಅಗಿಯುತ್ತಿದ್ದ.